ಬಾವಿಕಟ್ಟೆಯ ಅತ್ಯಾ

ನಮ್ಮ ಮನೆಯ ಕೀಬೋರ್ಡಿನಲ್ಲಿ ಎಫ್ 4 ಎಂಬ ಗುಂಡಿಯೊಂದೇ ಹಳದಿ. ಉಳಿದವೆಲ್ಲ ಬೂದು. ಒದ್ದೆ ಬಟ್ಟೆಯಿಂದ ಒರೆಸಿದ್ದೇನೆ, ಸ್ಪಿರಿಟ್ ಹಚ್ಚಿ ಉಜ್ಜಿದ್ದೇನೆ, ಹೋಗಿಲ್ಲ. ಅರಿಶಿನ ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ.

ಆ ಗುಂಡಿ ಒತ್ತಿ ನಮ್ಮ ಅತ್ಯಾ ಎಷ್ಟು ಜನರ ಪ್ರಾಣ ಉಳಿಸಿದ್ದಾಳೋ ಅವಳಿಗೇ ಗೊತ್ತಿಲ್ಲ. ನಮ್ಮ ಜೇವರ್ಗಿ ಕಾಲೋನಿಯಲ್ಲಿ ಹೆಜ್ಜೆಗೊಂದು ದವಾಖಾನೆ ಇದೆ. ಆ ಡಾಕ್ಟರುಗಳೆಲ್ಲ ಒಂದಾಗಿ ನಿಂತರೂ ಅತ್ಯಾಳ ಸರಿಸಮ ಆಗಲಾರರು. ಅವರಿಗೆ ನರ್ಸು ಬೇಕು, ಸಲಾಯಿನ್ ಬೇಕು. ಅತ್ಯಾಳಿಗೆ ಕುಕ್ಕರಿನ ಎರಡನೆಯ ಸಿಳ್ಳಿಗೂ ಮೂರನೆಯ ಸಿಳ್ಳಿಗೂ ನಡುವೆ ಸಿಗುವ ಬಿಡುವು ಸಾಕು!

ಅತ್ಯಾ ಎಂದರೆ ನಮ್ಮ ಅಪ್ಪನ ಅಕ್ಕ. ವಯಸ್ಸು ಐವತ್ತಾರು. ಕಮಲಾಪುರದ ಹೈಸ್ಕೂಲೊಂದರಲ್ಲಿ ಹಿಂದಿ ಟೀಚರ್. ಮುಂಜಾನೆ ಬಸ್ಸಿಗೆ ಹೋಗುತ್ತಾಳೆ, ಸಂಜೆ ಬಸ್ಸಿಗೆ ಬರುತ್ತಾಳೆ. ಬರುವಾಗ ಒಮ್ಮೊಮ್ಮೆ ಅಲ್ಲಿಯ ಕೆಂಪು ಬಾಳೆಹಣ್ಣು ತರುತ್ತಾಳೆ. ಮದುವೆಯಾಗಲಿಲ್ಲ. ಏಕೆಂದು ಮನೆಯಲ್ಲಿ ಯಾರೂ ಹೇಳಿಲ್ಲ, ನಾನು ಕೇಳಿಲ್ಲ. ನಮ್ಮ ಮನೆಯಲ್ಲಿ ಇಂಥವನ್ನು ಕೇಳುವ ರೂಢಿಯಿಲ್ಲ.

ಕಂಪ್ಯೂಟರ್ ತಂದದ್ದು ನನಗಾಗಿ. ನನ್ನ ಎಂ.ಫಿಲ್. ಪ್ರಬಂಧ ಬರೆಯಲಿಕ್ಕೆ. ತಾಜಸುಲ್ತಾನಪುರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಉಳಿದಿರುವ ಹಳೆಯ ಬಾವಿಗಳು ನನ್ನ ವಿಷಯ. ಬಿಸಿಲಲ್ಲಿ ಹೋಗಿ ಹಗ್ಗ ಇಳಿಬಿಟ್ಟು ಆಳ ಅಳೆಯುವುದು, ಮೆಟ್ಟಿಲು ಎಣಿಸುವುದು, ನೀರಿದೆಯೋ ಬತ್ತಿದೆಯೋ ಬರೆದುಕೊಳ್ಳುವುದು. ಅದಕ್ಕೆಂದೇ ನಾನೊಂದು ನಮೂನೆ ತಯಾರಿಸಿಕೊಂಡಿದ್ದೆ. ಹಗಲು ಬಾವಿ, ಸಂಜೆ ಕಂಪ್ಯೂಟರ್ ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ಅತ್ಯಾ ಇರಲಿಲ್ಲ.

ಆಟ ನಮ್ಮ ಮನೆಗೆ ಪುಕ್ಕಟೆ ಬಂತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆಗೆ ಸಿ.ಡಿ.ಯ ರೂಪದಲ್ಲಿ. ಆಗ ಶಿಕ್ಷಕರಿಗೆಲ್ಲ ಕಂಪ್ಯೂಟರ್ ತರಬೇತಿ ಕೊಡುತ್ತಿದ್ದ ಕಾಲ. ಮೂರು ದಿನ ಕೂರಿಸಿಕೊಂಡು, ಕೊನೆಗೆ "ಮನಿಯೊಳಗ ಮೌಸ್ ಹಿಡದು ರೂಢಿ ಮಾಡ್ಕೋರಿ" ಎಂದು ಹೇಳಿ ಕಳಿಸಿದ್ದರು. ಅತ್ಯಾ ಹೇಳಿದ್ದನ್ನು ಹೇಳಿದಷ್ಟೇ ಮಾಡುವವಳಲ್ಲ, ಅದರ ತುದಿ ಮುಟ್ಟುವವಳು. ಪುಕ್ಕಟೆ ಬಂದದ್ದನ್ನು ಎಸೆಯುವವಳಂತೂ ಅಲ್ಲವೇ ಅಲ್ಲ. ಸಿ.ಡಿ. ಹಾಕಿಸಿದಳು.

ಊರೂರುಗಳಲ್ಲಿ ಕೂತ ಜನ ಇಂಟರ್ನೆಟ್ಟಿನ ಮೂಲಕ ಒಂದೇ ಹೊತ್ತಿಗೆ ಆಡುವ ಆಟ ಅದು. ಪ್ರತಿಯೊಬ್ಬರೂ ಒಂದೊಂದು ವೇಷ ತೊಟ್ಟು ಕಾಡು, ಗುಹೆ, ಕೋಟೆ ಅಲೆಯಬೇಕು. ರಾಕ್ಷಸರನ್ನು ಕೊಂದು ಒಂದೊಂದೇ ಮಟ್ಟ ಮೇಲೇರಬೇಕು. ಅದಕ್ಕೆ ಮುಕ್ತಾಯ ಎಂಬುದಿಲ್ಲ. ಮುಗಿಯದ ಕೆಲಸವನ್ನು ಅತ್ಯಾಳ ಕೈಗೆ ಕೊಡಬಾರದೆಂದು ಆ ಪತ್ರಿಕೆಯವರಿಗೆ ಯಾರು ಹೇಳಬೇಕಿತ್ತು?

ಮೊದಲು ಹೆಸರು ಕೇಳಿತು. ಇಂಟರ್ನೆಟ್ಟಿಗೆ ಸ್ವಂತ ಹೆಸರು ಹೇಳಬಾರದೆಂದು ತರಬೇತಿಯಲ್ಲಿ ಹೇಳಿದ್ದರಂತೆ. "ಅತ್ಯಾ" ಎಂದು ಹಾಕಿದಳು. ಆ ಹೆಸರಿನವರು ಆಗಲೇ ಇದ್ದಾರೆ ಎಂದಿತು. ಮನೆಯ ವಿಳಾಸ ಕೊಡಲು ಧೈರ್ಯವಾಗದೆ ನೌಕರಿಯ ಊರು ಸೇರಿಸಿ "ಅತ್ಯಾ ಕಮಲಾಪುರ" ಎಂದು ಮಾಡಿದಳು. ಆಮೇಲೆ ವೃತ್ತಿ ಆರಿಸಬೇಕು. ಯೋಧ, ಬಿಲ್ಲುಗಾರ, ಮಾಂತ್ರಿಕ, ಕಳ್ಳ, ವೈದ್ಯೆ. ವರನ ಜಾತಕ ನೋಡುವಂತೆ ಒಂದೊಂದನ್ನೂ ನೋಡಿದಳು.

"ಕಳ್ಳ ಅಂತನೂ ಒಂದು ನೌಕರಿ ಇಟ್ಟಾರ ನೋಡು. ರಾಜಾರೋಷ ಬರದಾರ."

"ಅದು ಆಟ, ಅತ್ಯಾ."

"ಆಟ ಇದ್ರ ಏನಾತು? ನಾಳೆ ಯಾರರೆ ನೀ ಏನ ಮಾಡ್ತಿ ಅಂದ್ರ ಹೇಳ್ಲಿಕ್ಕೆ ಬರಬೇಕಲ್ಲ."

ಹೀಗೆ ವೈದ್ಯೆಯಾದಳು. ಗಾಯಗೊಂಡವರ ಎದುರು ನಿಂತು ಎಫ್ 4 ಒತ್ತಿದರೆ ಕೈಯಿಂದ ಹಸಿರು ಬೆಳಕು ಹೊರಟು ಅವರು ಚೇತರಿಸಿಕೊಳ್ಳುತ್ತಾರೆ.

ಆದರೆ ವೈದ್ಯೆಯೂ ಎರಡನೆಯ ಮಟ್ಟಕ್ಕೆ ಏರಬೇಕಾದರೆ ಹತ್ತು ಮೊಲ ಕೊಲ್ಲಬೇಕಿತ್ತು. ಅತ್ಯಾ ಮೊಲಗಳನ್ನು ನೋಡಿದಳು. ಮೊಲಗಳು ಅತ್ಯಾಳನ್ನು ನೋಡಿದವು. ಅಲ್ಲಿಗೆ ಮುಗಿಯಿತು. ಔಷಧ ಕೊಟ್ಟರೂ ಒಂದಿಷ್ಟು ಅಂಕ ಸಿಗುತ್ತದೆ, ಆದರೆ ಇರುವೆ ಹರಿದಷ್ಟು ನಿಧಾನ. ಬೇರೆಯವರು ಅರ್ಧ ತಾಸಿನಲ್ಲಿ ಮುಗಿಸುವುದನ್ನು ಅತ್ಯಾ ಮೂರು ತಿಂಗಳಲ್ಲಿ ಮುಗಿಸಿದಳು. ಆಟದ ಮೊಟ್ಟಮೊದಲ ಹಳ್ಳಿಯಲ್ಲಿ ಒಂದು ಬಾವಿಯಿದೆ. ಅದರ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೊಸದಾಗಿ ಆಡಲು ಬಂದವರು ಹುರುಪಿನಿಂದ ಕಾಡಿಗೆ ಹೋಗುವುದು, ಹಂದಿಯಿಂದ ತಿವಿಸಿಕೊಂಡು ಕುಂಟುತ್ತ ಬರುವುದು, ಅತ್ಯಾ ಎಫ್ 4 ಒತ್ತುವುದು. ಪ್ರತಿಯಾಗಿ ಏನೂ ಕೇಳುತ್ತಿರಲಿಲ್ಲ. "ಊಟ ಆತೇನು" ಎಂದಷ್ಟೇ ಹಿಂದಿಯಲ್ಲಿ ಕೇಳುತ್ತಿದ್ದಳು.

ಆ ಹಳ್ಳಿಯಿಂದ ಆಚೆಗೆ ಕಾಲಿಡದವಳು ಆಟದ ನಾಡಿಗೆಲ್ಲ ಪ್ರಸಿದ್ಧಳಾದಳು. ಹನ್ನೊಂದು ಜನರ ಗುಂಪೊಂದು ಅವಳನ್ನು ಸೇರಿಸಿಕೊಂಡಿತು. ಎರಡು ಕೈಯಲ್ಲೂ ಕೊಡಲಿ ಹಿಡಿದು ಕುಣಿಯುವವನು ಅವರ ನಾಯಕ. ಆತ ನಾಂದೇಡದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಇನ್ನೊಬ್ಬ ಹೈದರಾಬಾದಿನ ಬಿಲ್ಲುಗಾರ. ಗುಹೆಯಲ್ಲಿ ಒಂದು ಹಾವು ಇದೆ, ಏಳು ಹೆಡೆಯದು, ಅದನ್ನು ಗೆಲ್ಲಲು ವೈದ್ಯೆ ಬೇಕೇ ಬೇಕು ಎಂದು ಇಬ್ಬರೂ ಕಾಡಿದರು. ಕೊಲ್ಲುವ ಕೆಲಸ ತನ್ನದಲ್ಲ ಎಂದಮೇಲೆ ಅತ್ಯಾ ಒಪ್ಪಿದಳು.

ಹೋದರು. ಹಾವು ಎದ್ದಿತು. ಹನ್ನೊಂದು ಜನ ಮೈಮೇಲೆ ಬಿದ್ದರು. ಅತ್ಯಾ ಒಂದು ಸಲ ಎಫ್ 4 ಒತ್ತಿದಳು, ಎರಡು ಸಲ ಒತ್ತಿದಳು, ಮೂರನೆಯ ಸಲಕ್ಕೆ ಪರದೆಯ ಮೇಲಿನ ವೈದ್ಯೆ ಕುಸಿದು ಬಿದ್ದಳು. ಆ ಆಟದಲ್ಲಿ ವೇಷಗಳಿಗೂ ಹೊತ್ತುಹೊತ್ತಿಗೆ ಊಟ ಹಾಕಬೇಕು, ಇಲ್ಲದಿದ್ದರೆ ಶಕ್ತಿ ಇಳಿಯುತ್ತದೆ. ಅತ್ಯಾ ಹಾಕಿರಲಿಲ್ಲ. ಅವತ್ತು ಏಕಾದಶಿ.

ನಮ್ಮದು ವೈಷ್ಣವರ ಮನೆ. ಏಕಾದಶಿ ಎಂದರೆ ನೀರೂ ಮುಟ್ಟದ ಉಪವಾಸ, ಮರುದಿನ ದ್ವಾದಶಿಯ ಮುಂಜಾನೆ ಸ್ನಾನ ಮಾಡಿ ಪಾರಣೆ. ತಾನು ಉಪವಾಸ ಇದ್ದು ಪರದೆಯ ಮೇಲಿರುವ ತನಗೆ ಊಟ ಹಾಕುವುದು ಹೇಗೆ? ಅತ್ಯಾಳ ಪ್ರಶ್ನೆ ಇದು. ಇದಕ್ಕೆ ಉತ್ತರ ಯಾವ ಸ್ವಾಮಿಗಳ ಬಳಿ ಇದೆಯೋ ತಿಳಿಯದು. ಹನ್ನೊಂದು ಜನ ಗುಹೆಯಲ್ಲಿ ಸತ್ತು ಬಿದ್ದರು. ಬೈಗುಳ ಬರೆದರು. ಅತ್ಯಾ ಎಲ್ಲವನ್ನೂ ಓದಿ, ತಾನು ನಾಳೆ ಮುಂಜಾನೆ ಪಾರಣೆ ಆದಮೇಲೆ ಬಂದು ಎಲ್ಲರನ್ನೂ ಎಬ್ಬಿಸುವುದಾಗಿ ಶುದ್ಧ ಹಿಂದಿಯಲ್ಲಿ ತಿಳಿಸಿ, ಕಂಪ್ಯೂಟರ್ ಆರಿಸಿದಳು.

ಅವರು ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಹೋಗಲಿ ಎಂದೂ ಬಯಸಿದ್ದೆ. ಹೋಗಲಿಲ್ಲ. ಇಡೀ ವರ್ಷದ ಏಕಾದಶಿಗಳ ಪಟ್ಟಿ ಕೇಳಿ ತೆಗೆದುಕೊಂಡರು. ಆಮೇಲೆ ಅಪ್ಪ ಪಂಚಾಂಗ ತೆಗೆಯುವ ಮೊದಲೇ ಹೈದರಾಬಾದಿನಿಂದ ಸುದ್ದಿ ಬರುತ್ತಿತ್ತು. "ಅತ್ಯಾಜಿ, ಕಲ್ ಏಕಾದಶಿ ಹೈ. ಗುಫಾ ಪರಸೋಂ ರಖೇಂ?" ನಾಳೆ ಏಕಾದಶಿ, ಗುಹೆಯನ್ನು ನಾಡಿದ್ದಿಗೆ ಇಟ್ಟುಕೊಳ್ಳೋಣವೇ ಎಂದು. ಆ ಬಿಲ್ಲುಗಾರ ಐದು ಹೊತ್ತು ನಮಾಜು ಮಾಡುವವನಂತೆ. ಅವನ ರೋಜಾ ದಿನಗಳಲ್ಲಿ ಅತ್ಯಾ ಅವನ ಬಿಲ್ಲುಗಾರನಿಗೂ ಸಂಜೆಯವರೆಗೆ ಊಟ ಹಾಕಗೊಡಲಿಲ್ಲ. ನ್ಯಾಯ ಎಲ್ಲರಿಗೂ ಒಂದೇ.

ಮನೆಯಲ್ಲಿ ಅಮ್ಮನದು ಬೇರೆ ಗೋಳು.

"ಅಕ್ಕಾ, ಹುಳಿ ಉಕ್ಕಲಿಕತ್ತದ ನೋಡ್ರಿ."

"ಒಂದ ನಿಮಿಷ ತಡಿ. ಇಲ್ಲೆ ಒಬ್ಬಾಂವ ಸಾಯ್ಲಿಕತ್ತಾನ."

ಇದನ್ನು ಒಂದು ದಿನ ಮಗ್ಗುಲ ಮನೆಯ ಹಿರಿಯ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಕೇಳಿಸಿಕೊಂಡರು. ಸಂಜೆಗೆ ಗಂಭೀರ ಮುಖ ಹೊತ್ತು ಬಂದರು. "ಯಾರ ಆರಾಮ ಇಲ್ಲರೀ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಏನು ಹೇಳಬೇಕು? ಒಳಗಿನಿಂದ ಅತ್ಯಾಳೇ ಹೇಳಿದಳು: "ಹೈದರಾಬಾದನಾಂವ. ಹಾವು ಕಡದಿತ್ತು. ಈಗ ಅಡ್ಡಿಯಿಲ್ಲ, ಎದ್ದ ಓಡ್ಯಾಡ್ಲಿಕತ್ತಾನ." ಕಾಕು ಕೈಮುಗಿದು, ದೇವರಿಗೆ ತುಪ್ಪದ ದೀಪ ಹಚ್ಚಿಸುವುದಾಗಿ ಹೇಳಿ ಹೋದರು. ಹಚ್ಚಿಸಿದರೂ ಕೂಡ.

ನಗುವವರು ನಗಬಹುದು. ನನಗೆ ನಗು ಬರುವ ಕಾಲ ಆಗಲೇ ದಾಟಿತ್ತು. ಮುಂಜಾನೆ ಅತ್ಯಾ ಸ್ನಾನ ಮಾಡಿ ಮಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದಳು. ಪ್ರಾಣ ಉಳಿಸುವ ಕೆಲಸ, ಮೈಲಿಗೆಯಲ್ಲಿ ಮಾಡಲಾದೀತೇ? ಆ ಹೊತ್ತಿನಲ್ಲಿ ನಾನು ಕೀಬೋರ್ಡ್ ಮುಟ್ಟುವಂತಿರಲಿಲ್ಲ. ಸಂಜೆ ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ನೇರ ಬಾವಿಕಟ್ಟೆಗೆ. "ಹತ್ತ ನಿಮಿಷ" ಎನ್ನುತ್ತಿದ್ದಳು. ಆ ಹತ್ತು ನಿಮಿಷಗಳಲ್ಲಿ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ನನ್ನ ಪ್ರಬಂಧ ಆ ತಿಂಗಳ ಕೊನೆಗೆ ಒಪ್ಪಿಸಬೇಕಿತ್ತು. ಎರಡು ಸಲ ಗಡುವು ಮುಂದೂಡಿಸಿಕೊಂಡಿದ್ದೆ, ಮೂರನೆಯದು ಸಿಗುವುದಿಲ್ಲ ಎಂದು ಬರೆದೇ ಕೊಟ್ಟಿದ್ದರು.

ಅಂಥ ಒಂದು ಸಂಜೆ ನನ್ನ ಮಾರ್ಗದರ್ಶಕರು ಮೂರನೆಯ ಅಧ್ಯಾಯವನ್ನು ತಿರುಗಿ ಕೊಟ್ಟರು. ಬಾವಿ ಕಡಿಮೆಯಾದವು ಎಂದರು. ಇಪ್ಪತ್ತೇಳು ಬಾವಿಗಳ ಮೇಲೆ ಏನು ಹೇಳಲಾಗುತ್ತದೆ, ಇನ್ನೂ ನಲವತ್ತು ಹುಡುಕು, ಇಲ್ಲವಾದರೆ ಇದ್ದವುಗಳ ಬಗ್ಗೆಯೇ ಹೊಸದೇನಾದರೂ ಹೇಳು ಎಂದರು. ಇಳಿಬಿಸಿಲಲ್ಲಿ ಮನೆಗೆ ಬಂದೆ. ಅತ್ಯಾ ಕಂಪ್ಯೂಟರಿನ ಮುಂದಿದ್ದಳು.

"ಹತ್ತ ನಿಮಿಷ," ಎಂದಳು.

"ಅತ್ಯಾ, ಆ ಊರು ಇಲ್ಲ. ಆ ಬಾವಿ ಇಲ್ಲ. ಆ ಮಂದಿನೂ ಇಲ್ಲ. ಇಲ್ಲದವರಿಗೆ ಔಷಧ ಕೊಡ್ಕೋತ ಕೂತಿ. ನನ್ನ ಮುಂದ ನಿಜವಾದ ಬಾವಿ ಅವ, ಅವೂ ಕಡಿಮಿ ಬಿದ್ದಾವ."

ನಾನು ಜೋರು ದನಿ ಮಾಡಿರಲಿಲ್ಲ. ಮಾಡುವ ಸ್ವಭಾವವೂ ಅಲ್ಲ. ಮಾಡಿದ್ದರೆ ಒಳ್ಳೆಯದಿತ್ತೇನೋ. ಅತ್ಯಾ ಕಂಪ್ಯೂಟರಿನ ಆಟ ಮುಚ್ಚಿದಳು. ಕುರ್ಚಿಗೆ ಸಿಕ್ಕಿಕೊಂಡ ಸೀರೆಯ ನಿರಿಗೆ ಬಿಡಿಸಿಕೊಂಡು ಎದ್ದು, ನನಗಾಗಿ ಕುರ್ಚಿಯನ್ನು ತಿರುಗಿಸಿ ಇಟ್ಟಳು.

"ಎಷ್ಟು ಕಡಿಮಿ ಬಿದ್ದಾವ?" ಎಂದು ಕೇಳಿದಳು.

"ನಲವತ್ತು."

"ಹೂಂ," ಎಂದು ಒಳಗೆ ಹೋದಳು.

ಅಂದಿನಿಂದ ಮನೆಯ ಕಂಪ್ಯೂಟರನ್ನು ಅವಳು ಮುಟ್ಟಲಿಲ್ಲ. ನನಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ನೆಮ್ಮದಿಯಾಯಿತು. ಹತ್ತು ದಿನ ಕೂತು ಉಳಿದ ಅಧ್ಯಾಯಗಳನ್ನು ಬರೆದೆ. ಮೇಜಿನ ಮೇಲಿದ್ದ ನನ್ನ ಬಾವಿಯ ನಮೂನೆಗಳಲ್ಲಿ ಒಂದು ಪ್ರತಿ ಕಾಣೆಯಾಗಿತ್ತು, ಹೋಗಲಿ ಎಂದು ಬಿಟ್ಟೆ. ಅತ್ಯಾ ಮಾತ್ರ ದಿನಾಲೂ ತಡವಾಗಿ ಬರತೊಡಗಿದಳು. ಸ್ಪೆಷಲ್ ಕ್ಲಾಸ್ ಎನ್ನುತ್ತಿದ್ದಳು. ಒಂದು ಶನಿವಾರ, ಶಾಲೆ ಅರ್ಧ ದಿನವೇ ಇದ್ದಾಗಲೂ, ನಾಲ್ಕಾದರೂ ಬರಲಿಲ್ಲ. ಅಪ್ಪ ಚಡಪಡಿಸಿದರು. ನಾನು ಕಮಲಾಪುರದ ಬಸ್ಸು ಹತ್ತಿದೆ.

ಹುಡುಕಬೇಕಾಗಲಿಲ್ಲ. ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮೇಲೆ "ಇಂಟರ್ನೆಟ್" ಎಂದು ಬೋರ್ಡಿತ್ತು. ಮೆಟ್ಟಿಲ ಬುಡದಲ್ಲಿ ಅತ್ಯಾಳ ಚಪ್ಪಲಿ. ಒಳಗೆ ಮೂಲೆಯ ಕಂಪ್ಯೂಟರಿನ ಮುಂದೆ, ಮಡಿಲಲ್ಲಿ ವ್ಯಾನಿಟಿ ಬ್ಯಾಗು ಇಟ್ಟುಕೊಂಡು, ಪರದೆಗೆ ಮೂಗು ತಗುಲುವಷ್ಟು ಬಗ್ಗಿ ಕೂತಿದ್ದಳು. ಮಾನಿಟರಿನ ತಲೆಯ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು.

"ಟೀಚರ್ರ ದಿನಾ ಬರ್ತಾರ್ರಿ," ಎಂದ ಅಂಗಡಿಯವನು. "ಅವರಿಗೆ ಅಂತ ಆ ಸಿ.ಡಿ. ಹಾಕಿ ಕೊಟ್ಟೀನ್ರಿ. ಖರೆ ಅವರಿಗೆ ಕಣ್ಣ ಕಾಣವಲ್ಲವರಿ. ನಿನ್ನಿ ಯಾರ ಬಂದಾರ, ಹೆಸರ ಓದಿ ಹೇಳು ಅಂತ ನನ್ನ ಕೇಳಾಕತ್ತಿದ್ರು."

ನಾನು ಹಿಂದೆ ನಿಂತು "ಅತ್ಯಾ" ಎಂದೆ. ಪರದೆಯ ಮೇಲೆ ಹನ್ನೊಂದು ಜನ ದಿನಾ ಕರೆಯುವ ಹೆಸರು ಅದೇ. ಅವಳು ತಿರುಗಲಿಲ್ಲ, ಕೀಬೋರ್ಡಿನಲ್ಲಿ ಏನೋ ಹುಡುಕುತ್ತಲೇ ಇದ್ದಳು. ಭುಜ ಮುಟ್ಟಿದಮೇಲೆ ನೋಡಿದಳು.

"ನೀ ಯಾಕ ಬಂದಿ? ಬರಿಯೂದು ಬಿಟ್ಟು?"

"ಎಷ್ಟ ದಿನದಿಂದ ಕಣ್ಣು ಹಿಂಗದ?"

"ದೀಪಾವಳಿಯಿಂದ. ಶಾಲ್ಯಾಗ ಎಲ್ಲಾ ಬಾಯಿಪಾಠ ಅದ, ನಡೀತದ. ಇಲ್ಲೆ ಅಷ್ಟೇ ತ್ರಾಸು."

ಕಣ್ಣಿನ ಪೊರೆ. ಬುಧವಾರ ಕಾಲೋನಿಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಹದಿನೈದು ದಿನ ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು, ಕಂಪ್ಯೂಟರ್ ನೋಡಲೇಬಾರದು. ಅತ್ಯಾ ಹಸಿರು ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಳು. ಇನ್ನೊಂದು ಕಣ್ಣಿನಿಂದ ನನ್ನನ್ನೇ ನೋಡಿದಳು. ಮೂರನೆಯ ದಿನ ಏಕಾದಶಿ. ಆಪರೇಷನ್ ಆದವರಿಗೆ ಉಪವಾಸ ಬೇಡ ಎಂದು ಅಪ್ಪ ಹೇಳಿ ಸೋತರು. ಹಾಲು, ಹಣ್ಣಿಗೆ ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಸಂಜೆ ನನ್ನನ್ನು ಕರೆದಳು.

"ಒಂದ ಕೆಲಸ ಮಾಡ್ತಿ? ನನ್ನ ಹೆಸರಲೆ ಒಳಗ ಹೋಗಿ, ಅತ್ಯಾ ಹದಿನೈದು ದಿನ ಬರಂಗಿಲ್ಲ ಅಂತ ಹೇಳಿ ಬಾ. ಕಾಯ್ಕೋತ ಕೂತಿರ್ತಾರ. ಅಷ್ಟೇ. ಇವತ್ತ ಊಟ ಹಾಕಬ್ಯಾಡ ಮತ್ತ."

ಗಡುವಿಗೆ ಒಂಬತ್ತು ದಿನ ಉಳಿದಿತ್ತು. ಒಂದು ಬಾವಿಯೂ ಹೆಚ್ಚಾಗಿರಲಿಲ್ಲ. ಆದರೂ ಐದು ನಿಮಿಷದ ಕೆಲಸ ಎಂದು ಕೂತೆ.

ವೈದ್ಯೆ ಬಾವಿಕಟ್ಟೆಯ ಮೇಲೆ ಕೂತಿದ್ದಳು. ನೆರೆತ ಕೂದಲು, ಹಸಿರು ಸೀರೆಯಂಥದೇನೋ. ಅವಳು ಎದ್ದು ನಿಂತ ಕೂಡಲೆ ಪರದೆಯ ಕೆಳಗೆ ಸಾಲು ಸಾಲಾಗಿ ಮಾತು ಬಂತು. ಎಲ್ಲಿದ್ದಿರಿ? ಕಣ್ಣು ಹೇಗಿದೆ? ಆಪರೇಷನ್ ಆಯಿತೇ? ಮನೆಯಲ್ಲಿ ನಮಗೆ ಯಾರಿಗೂ ಗೊತ್ತಿರದಿದ್ದ ಕಣ್ಣಿನ ತ್ರಾಸು ಅವರಿಗೆಲ್ಲ ಮೊದಲೇ ಗೊತ್ತಿತ್ತು. ನಾನು ಅವಳ ತಮ್ಮನ ಮಗಳು ಎಂದು ಬರೆದೆ.

ಆಮೇಲೆ ನಾಂದೇಡದ ಕೊಡಲಿಯವನು ಬರೆದ: "ಬಾವಿ ಎಣಿಸುವ ಹುಡುಗಿ ನೀವೇ ಏನು? ನಲವತ್ತೊಂದು ಆಗಿವೆ. ಪೆಟ್ಟಿಗೆ ತೆರೆದು ನೋಡಿ."

ಆಟದಲ್ಲಿ ಪ್ರತಿಯೊಬ್ಬರಿಗೂ ಕಾಗದ ಬಂದು ಬೀಳುವ ಒಂದು ಪೆಟ್ಟಿಗೆ ಇರುತ್ತದೆ. ತೆರೆದೆ. ನನ್ನ ನಮೂನೆ! ಊರು, ಆಳ, ಮೆಟ್ಟಿಲು, ನೀರಿದೆಯೋ ಬತ್ತಿದೆಯೋ, ಅದೇ ಕ್ರಮದಲ್ಲಿ. ಹನ್ನೊಂದು ಜನ ಆ ಇಲ್ಲದ ನಾಡನ್ನೆಲ್ಲ ಸುತ್ತಿ, ಮರುಭೂಮಿಯ ಬಾವಿ, ಹಾವಿನ ಗುಹೆಯ ಆಚೆಗಿನ ಬಾವಿ, ಹಿಮದ ಕೋಟೆಯೊಳಗಿನ ಬಾವಿ, ಒಂದೊಂದರ ಮೆಟ್ಟಿಲು ಎಣಿಸಿ ಬರೆದಿದ್ದರು. ಆಳ ತಿಳಿಯಲಿಕ್ಕೆ ಬಿಲ್ಲುಗಾರ ಬಾಣ ಬಿಟ್ಟು ನೋಡಿದನಂತೆ. ಹದಿನಾರನೆಯ ಬಾವಿ ಎಣಿಸುವಾಗ ಇಬ್ಬರು ಸತ್ತರಂತೆ. ಕಮಲಾಪುರದಿಂದ ಅತ್ಯಾ ದಿನಾ ಹೋಗಿ ಅವರನ್ನು ಎಬ್ಬಿಸಿದ್ದಳು.

ನನ್ನ ನಮೂನೆಯಲ್ಲಿ ನಾಲ್ಕೇ ಅಂಕಣ. ಇದರಲ್ಲಿ ಐದನೆಯದೊಂದಿತ್ತು. "ನೀರು ಯಾರು ಸೇದುತ್ತಾರೆ." ನಾನು ಬರೆದದ್ದಲ್ಲ. ನಲವತ್ತು ಬಾವಿಗಳ ಮುಂದೆ "ಯಾರೂ ಇಲ್ಲ" ಎಂದಿತ್ತು. ಮೊದಲ ಹಳ್ಳಿಯ ಬಾವಿಯ ಮುಂದೆ ಮಾತ್ರ "ಅತ್ಯಾ".

ಎದ್ದು ಹೋಗಿ ಅವಳ ಮಂಚದ ಹತ್ತಿರ ನಿಂತೆ.

"ಕೊಟ್ರೇನು?" ಎಂದಳು. "ಉಪಯೋಗ ಆಗಂಗಿಲ್ಲ ಅಂತ ನನಗ ಗೊತ್ತದ. ಅವರಿಗೂ ಹೇಳ್ದೆ. 'ಇರ್ಲಿ ಅತ್ಯಾ, ಹುಡುಗಿ ಒಬ್ಬಾಕಿನೇ ಬಿಸಲಾಗ ಅಡ್ಯಾಡ್ತಾಳ ಅಂತೀರಿ, ನಾವೂ ಅಡ್ಯಾಡ್ತೀವಿ' ಅಂದ್ರು."

"ಐದನೇದು ಯಾಕ ಹಾಕ್ಸಿದಿ?"

"ಯಾವ್ದು? ಸೇದೋದೇನು? ಬಾವಿ ಅಂದ್ರ ಮೊದಲ ಅದನ್ನ ಕೇಳಬೇಕಲ್ಲ. ನೀ ಮರ್ತಿರಬೇಕು ಅಂತ ನಾನೇ ಹಾಕಿದೆ."

ಅವಳು ಪಟ್ಟಿಯ ಅಂಚನ್ನು ಬೆರಳಿನಿಂದ ಸರಿಮಾಡಿಕೊಂಡು ಮಲಗಿದಳು. ನಾನು ಅವಳ ಕಾಲ ಮೇಲೆ ಹೊದಿಕೆ ಎಳೆದು ದೀಪ ಆರಿಸಿದೆ. ನಮ್ಮ ಮನೆಯಲ್ಲಿ ಇಂಥವನ್ನು ಹೇಳುವ ರೂಢಿಯೂ ಇಲ್ಲ.

ಮರುದಿನ ಮುಂಜಾನೆ, ದ್ವಾದಶಿ, ಅಮ್ಮ ಏಳುವ ಮೊದಲೇ ಎದ್ದು ತಲೆಯ ಮೇಲೆ ನೀರು ಹಾಕಿಕೊಂಡೆ. ಒದ್ದೆ ಕೂದಲಲ್ಲೇ ಕಂಪ್ಯೂಟರಿನ ಮುಂದೆ ಕೂತು, ಬಾವಿಕಟ್ಟೆಯ ಮೇಲಿನ ವೈದ್ಯೆಗೆ ಅವಳ ಚೀಲದಲ್ಲಿದ್ದ ಹಣ್ಣೊಂದನ್ನು ತಿನ್ನಿಸಿದೆ. ಅವಳ ಶಕ್ತಿ ನಿಧಾನವಾಗಿ ಏರಿತು. "ಪಾರಣೆ ಆತು, ಅತ್ಯಾ," ಎಂದು ಒಳಗೆ ಕೇಳುವಂತೆ ಹೇಳಿದೆ. ಆಮೇಲೆ ಇಪ್ಪತ್ತೇಳು ನಮೂನೆಗಳನ್ನು ತೆಗೆದು, ಸ್ಕೇಲು ಹಿಡಿದು ಒಂದೊಂದರಲ್ಲೂ ಐದನೆಯ ಗೆರೆ ಎಳೆದೆ. ಬಸ್ಸು ಹಿಡಿದು ತಾಜಸುಲ್ತಾನಪುರದಲ್ಲಿ ಇಳಿದೆ. ಮೊದಲ ಬಾವಿಯಲ್ಲಿ ಒಬ್ಬ ಮುದುಕಿ ನೀರು ಸೇದುತ್ತಿದ್ದಳು. ನಾನು ಆ ಬಾವಿಗೆ ಹೋದ ಮೂರು ಸಲವೂ ಅವಳು ಅಲ್ಲೇ ಇದ್ದಳು, ಹಗ್ಗ ಇಳಿಬಿಡಲು ನನಗೆ ಜಾಗ ಬಿಟ್ಟು ಕೊಡ ಕೆಳಗಿಟ್ಟು ನಿಂತಿದ್ದಳು. ಅವತ್ತು ಹಗ್ಗವನ್ನು ಚೀಲದಿಂದ ತೆಗೆಯಲಿಲ್ಲ. ಅವಳ ಹೆಸರು ಕೇಳಿದೆ.